ದಾಯಾದಿಗಳ ಐರ್ಲೆಂಡು

ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ತ್ವಗಳನ್ನು ಐರ್ಲೆಂಡಿನಿಂದ ಪಡೆಯಲಾಗಿದೆ ಎಂಬ ವಾಕ್ಯವನ್ನು ಪ್ರತಿ ಪರೀಕ್ಷೆಯಲ್ಲೂ ಬರೆದು ಅಂಕ ಗಿಟ್ಟಿಸಿಕೊಂಡವರಲ್ಲಿ ನಾನೂ ಒಬ್ಬ. ಅದರಾಚೆಗೆ ಆ ದೇಶದ ವಿಷಯ ನನಗೆ ತಿಳಿದಿದ್ದುದು ಸೊನ್ನೆ. ನಮ್ಮ ದೊಡ್ಡಮ್ಮನ ಮಗಳು ನರ್ಸಾಗಿ ಡಬ್ಲಿನ್ನಿಗೆ ಹೋದ ಮೇಲೆಯೇ ನಾನು ಐರ್ಲೆಂಡನ್ನು ನಿಜವಾಗಿ ಓದತೊಡಗಿದ್ದು.

ಅಕ್ಕನ ಮೊದಲ ಸಂಬಳ ಬಂದಾಗ ಮನೆಯಲ್ಲಿ ಹಬ್ಬ. ಯೂರೋವನ್ನು ರೂಪಾಯಿಗೆ ಗುಣಿಸಿ ಗುಣಿಸಿ ದೊಡ್ಡಪ್ಪನ ಬೆರಳು ಸವೆದವು. ಮೂರು ತಿಂಗಳಾದ ಮೇಲೆ ಅವಳೇ ಫೋನಿನಲ್ಲಿ, "ಅಪ್ಪನಿಗೆ ಲೆಕ್ಕ ನಿಲ್ಲಿಸಲಿಕ್ಕೆ ಹೇಳೋ. ಇಲ್ಲಿ ಒಂದೇ ಕೋಣೆಯಲ್ಲಿ ನಾವಿಬ್ಬರಿದ್ದೇವೆ. ಆದರೂ ಸಂಬಳದ ಮೂರರಲ್ಲೊಂದು ಪಾಲು ಬಾಡಿಗೆಗೇ ಹೋಗುತ್ತದೆ" ಎಂದಳು. ಸಿರಿವಂತವೆಂದು ಹೆಸರಾದ ದೇಶದಲ್ಲಿ ಮನೆಗಳಿಗೇಕೆ ಇಂಥ ಬರ? ಈ ಪ್ರಶ್ನೆಯ ಬೆನ್ನು ಹತ್ತಿದ ನನಗೆ ಸಿಕ್ಕಿದ್ದು ಒಂದು ದಾಯಾದಿ ಜಗಳ. ನನ್ನದು ಎಡಪಂಥದವನ ನೋಟ; ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

1921ರ ಡಿಸೆಂಬರಿನಲ್ಲಿ ಬ್ರಿಟನ್ನಿನೊಡನೆ ಒಪ್ಪಂದವಾಯಿತು. ದಕ್ಷಿಣಕ್ಕೆ ಸ್ವಯಮಾಡಳಿತವೇನೋ ದೊರೆಯಿತು. ಆದರೆ ಶಾಸಕರು ಇಂಗ್ಲೆಂಡಿನ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಒಪ್ಪಿದವರೂ ಒಪ್ಪದವರೂ 1922-23ರಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡರು. ಒಪ್ಪದವರ ಕಡೆಯಿಂದ 1926ರಲ್ಲಿ ಡಿ ವಲೇರಾ ಕಟ್ಟಿದ ಪಕ್ಷ ಫಿಯನಾ ಫಾಯಿಲ್. ಒಪ್ಪಿದವರ ಪರಂಪರೆಯಿಂದ 1933ರಲ್ಲಿ ಹುಟ್ಟಿದ್ದು ಫಿನ ಗೇಲ್. 1932ರಿಂದ ಈವರೆಗೆ ಪ್ರಧಾನಿಯ ಕುರ್ಚಿ ಈ ಎರಡು ಮನೆಗಳನ್ನು ಬಿಟ್ಟು ಹೊರಗೆ ಹೋದದ್ದಿಲ್ಲ. ತಾತ ಯಾವ ಕಡೆ ಬಂದೂಕು ಹಿಡಿದಿದ್ದನೆಂಬುದನ್ನು ನೋಡಿ ಮೊಮ್ಮಗ ಮತ ಹಾಕುತ್ತಿದ್ದ ಕಾಲ ಬಹಳ ದಿನ ನಡೆಯಿತು. ದುಡಿಮೆ, ಕೂಲಿ, ಸೂರು ಇವುಗಳ ವಿಷಯದಲ್ಲಿ ಇವರಿಬ್ಬರಿಗೂ ಇರುವ ಭೇದವನ್ನು ಹುಡುಕಲು ಕನ್ನಡಕ ಬೇಕು.

ಹಾಗಾದರೆ ಎಡಪಂಥದವರು ಏನು ಮಾಡುತ್ತಿದ್ದರು? ಕಾರ್ಮಿಕ ಪಕ್ಷ ಈ ಎರಡಕ್ಕಿಂತಲೂ ಹಳೆಯದು. 1912ರಲ್ಲಿ ಜೇಮ್ಸ್ ಕಾನಲಿ ಮೊದಲಾದವರು ಅದನ್ನು ಹುಟ್ಟುಹಾಕಿದರು. 1916ರ ಬಂಡಾಯದಲ್ಲಿ ಗಾಯಗೊಂಡು ನಿಲ್ಲಲೂ ಆಗದಿದ್ದ ಕಾನಲಿಯವರನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿಕ್ಕಿದರು. ಆ ದಿನಗಳಲ್ಲಿ ಡಬ್ಲಿನ್ನಿನಲ್ಲಿ ಕಾನೂನು ಓದುತ್ತಿದ್ದ ನಮ್ಮ ವಿ. ವಿ. ಗಿರಿಯವರು ಊರಿಗೆ ಮರಳಿ ಕಾರ್ಮಿಕ ಸಂಘಗಳನ್ನು ಕಟ್ಟಲು ಹೊರಟರು. 1965ರಲ್ಲಿ ಅವರೇ ಮೈಸೂರು ರಾಜ್ಯದ ರಾಜ್ಯಪಾಲರೂ ಆದರು. ಅಲ್ಲಿಯಾದರೋ, ಸ್ವಾತಂತ್ರ್ಯದ ಪ್ರಶ್ನೆ ಮೊದಲು ಇತ್ಯರ್ಥವಾಗಲೆಂದು 1918ರ ಚುನಾವಣೆಯಲ್ಲಿ ಕಾರ್ಮಿಕ ಪಕ್ಷ ಕಣದಿಂದಲೇ ಸರಿದು ನಿಂತಿತು. ಪಂಕ್ತಿಯಿಂದ ಒಮ್ಮೆ ಎದ್ದವನಿಗೆ ಮತ್ತೆ ಎಲೆ ಹಾಕುವವರಾರು? ಮುಂದೆ 2011ರಲ್ಲಿ 37 ಸ್ಥಾನ ಗೆದ್ದು, ಫಿನ ಗೇಲಿನೊಡನೆ ಸರ್ಕಾರ ಸೇರಿ, ಬಡವರ ಮೇಲಿನ ಖರ್ಚು ಕಡಿತಕ್ಕೆ ತಾನೂ ಕೈಯೆತ್ತಿ, 2016ರಲ್ಲಿ 7 ಸ್ಥಾನಕ್ಕೆ ಇಳಿಯಿತು. ನಮ್ಮವರದೇ ತಪ್ಪೆಂದು ಮುಚ್ಚಿಡಲಾರೆ.

ಆ ಕಡಿತ ಬಂದದ್ದಾದರೂ ಏಕೆ? ಮನೆ ಕಟ್ಟಿಸುವವರಿಗೆ ಸಾಲ ಸುರಿದು ಬ್ಯಾಂಕುಗಳು ಜೂಜಾಡಿದವು. 2008ರ ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಸರ್ಕಾರ ಅವುಗಳಿಗೆ ಜಾಮೀನು ನಿಂತಿತು. ಜಾಮೀನು ನಿಂತವನ ಪಾಡು ನಮ್ಮ ಹಳ್ಳಿಗಳಲ್ಲಿ ಯಾರಿಗೆ ತಿಳಿಯದು! ಬ್ಯಾಂಕುಗಳಿಗೆ ಹೋದದ್ದು ಸುಮಾರು 64 ಶತಕೋಟಿ ಯೂರೋ. ಸರ್ಕಾರ ಬಡಜನರಿಗೆ ಕಟ್ಟಿಸುವ ಮನೆಗಳ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು.

ಜನ ಸಿಟ್ಟಾದರು. 2016ರ ಚುನಾವಣೆಯ ತರುವಾಯ ಸರ್ಕಾರವಾಗಲು 70 ದಿನ ಹಿಡಿಯಿತು. 2020ರಲ್ಲಿ ಎಡಕ್ಕೆ ವಾಲಿದ ಶಿನ್ ಫೇನ್ ಪಕ್ಷ ಮೊದಲ ಆಯ್ಕೆಯ ಮತಗಳಲ್ಲಿ ಎಲ್ಲರಿಗಿಂತ ಮುಂದೆ ಬಂದಾಗ 140 ದಿನ! ಕೊನೆಗೆ ನಡೆದದ್ದೇನು? ಒಂದು ಶತಮಾನ ಕತ್ತಿ ಮಸೆದ ದಾಯಾದಿಗಳು, ಹಸಿರು ಪಕ್ಷವನ್ನು ಜೊತೆಗಿಟ್ಟುಕೊಂಡು, ಪ್ರಧಾನಿ ಪಟ್ಟವನ್ನು ಸರದಿಯ ಮೇಲೆ ಹಂಚಿಕೊಂಡು ಒಂದಾದರು. 2025ರ ಜನವರಿಯಲ್ಲಿ ಕೆಲವು ಪಕ್ಷೇತರರ ಬೆಂಬಲದಿಂದ ಮತ್ತೆ ಅದೇ ಕೂಡಾವಳಿ. ಇದನ್ನು ಬಿಕ್ಕಟ್ಟೆನ್ನುತ್ತಾರೆ, ನನಗೆ ಕಾಣುವುದು ಅವರೊಳಗಿನ ಒಪ್ಪಂದ. ಆ್ಯಪಲ್ ಕಂಪನಿ 13 ಶತಕೋಟಿ ಯೂರೋ ತೆರಿಗೆ ಬಾಕಿ ಕೊಡಬೇಕೆಂದು 2016ರಲ್ಲಿ ಯೂರೋಪಿನ ಆಯೋಗ ಹೇಳಿದಾಗ, ಆ ಹಣ ತಮಗೆ ಬೇಡವೆಂದು ಐರ್ಲೆಂಡಿನ ಸರ್ಕಾರವೇ ನ್ಯಾಯಾಲಯಕ್ಕೆ ಹೋಯಿತು. 2024ರಲ್ಲಿ ಸೋತು ತೆಗೆದುಕೊಳ್ಳಬೇಕಾಯಿತು. ಅದೇ ವರ್ಷ ತಾತ್ಕಾಲಿಕ ಆಶ್ರಯಗಳಲ್ಲಿದ್ದ ಮನೆಯಿಲ್ಲದವರ ಸಂಖ್ಯೆ 14,000 ದಾಟಿತು.

ಈಗ ಆ ಸಿಟ್ಟು ತಿರುಗಿರುವುದು ಅಕ್ಕನಂಥವರ ಮೇಲೆ. 2023ರ ನವೆಂಬರಿನಲ್ಲಿ ಡಬ್ಲಿನ್ನಿನಲ್ಲಿ ವಲಸೆಗಾರರ ವಿರುದ್ಧ ದೊಂಬಿಯಾಯಿತು. 2025ರ ಬೇಸಗೆಯಲ್ಲಿ ಭಾರತೀಯರ ಮೇಲೆ ಹಲ್ಲೆಗಳಾಗಿ, ಎಚ್ಚರಿಕೆಯಿಂದಿರಿ ಎಂದು ನಮ್ಮ ರಾಯಭಾರ ಕಚೇರಿ ಪ್ರಕಟಣೆ ಹೊರಡಿಸಿತು. "ಬಸ್ಸಿನಲ್ಲಿ ಫೋನ್ ಮಾಡಬೇಡ, ಕನ್ನಡ ಮಾತಾಡಲಿಕ್ಕೆ ಹೆದರಿಕೆ" ಎಂದಳು ಅಕ್ಕ. ನಾನು ಕಾನಲಿ, ಡಿ ವಲೇರಾ ಎಂದು ನನ್ನ ಪುರಾಣ ಬಿಚ್ಚಿದೆ. ಪಾಪ, ಪೂರ್ತಿ ಕೇಳಿದಳು.

ಆಮೇಲೆ ಅವಳ ವಾರ್ಡಿನ ಅಜ್ಜಿಯೊಬ್ಬಳ ಸುದ್ದಿ ಹೇಳಿದಳು. ಬಾಡಿಗೆ ಕಟ್ಟಲಾರದೆ ಮೊಮ್ಮಗ ಆಸ್ಟ್ರೇಲಿಯಾಕ್ಕೆ ಹೊರಟುಹೋಗಿದ್ದಾನೆ. "ಅವನಿಗೆ ಇಲ್ಲಿ ಮನೆ ಸಿಗಲಿಲ್ಲ, ನಿನಗೆ ಸಿಕ್ಕಿತೇ ಮಗಳೇ?" ಎಂದು ಅಜ್ಜಿ ಕೇಳಿದಳಂತೆ. ಅದು ಚುಚ್ಚುಮಾತೋ ಕನಿಕರವೋ ತಿಳಿಯದೆ, ಅಕ್ಕ ದಿಂಬು ಸರಿಮಾಡಿ ಮುಂದಿನ ಮಂಚಕ್ಕೆ ಹೋದಳಂತೆ.