ನಡೆದು ಓದುವ ಮದರಾಸು

ಚೆನ್ನೈಯ ಪ್ಯಾರಿ ಮೂಲೆಯಲ್ಲಿ, ಡೇರ್ ಹೌಸ್ ಕಟ್ಟಡದ ಬಳಿ, ಹಳೆಯದೊಂದು ಗಡಿಕಂಬವಿದೆ. ಅದರ ಇಸವಿ 1773. ಬಸ್ಸಿಗಾಗಿ ಓಡುವ ಸಾವಿರಾರು ಜನರ ಕಣ್ಣಿಗೆ ಅದು ಬೀಳುವುದು ಅಪರೂಪ. 1746ರಲ್ಲಿ ಸೇಂಟ್ ಜಾರ್ಜ್ ಕೋಟೆಯನ್ನು ಫ್ರೆಂಚರು ಹಿಡಿದರು. ಮೂರು ವರ್ಷಗಳ ಬಳಿಕ ಅದು ಇಂಗ್ಲಿಷರಿಗೆ ಮರಳಿತು. ಈ ಗದ್ದಲದಲ್ಲಿ ಕೋಟೆಗೆ ಅಂಟಿಕೊಂಡಿದ್ದ ದೇಶೀಯರ ಪೇಟೆ ನೆಲಸಮವಾಯಿತು. ಫಿರಂಗಿಯ ದೃಷ್ಟಿಗೆ ಅಡ್ಡವಾಗಿ ಮನೆಗಳಿರಬಾರದೆಂಬುದು ಸೇನೆಯ ಲೆಕ್ಕಾಚಾರ. ಬಯಲಿನ ಈಚೆಗೆ ಯಾರೂ ಮನೆ ಕಟ್ಟಕೂಡದೆಂದು ನೆಟ್ಟ ಕಂಬಗಳಲ್ಲಿ ಈಗ ಉಳಿದುದು ಇದೊಂದೇ. ಗಡಿ ಎಂದರೇನೆಂದು ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂಥ ಕಂಬಗಳ ಮುಂದೆ ಜನರನ್ನು ನಿಲ್ಲಿಸಿ ಕಥೆ ಹೇಳುವವರು ವಿ. ಶ್ರೀರಾಮ್. ಅವರು ಇತಿಹಾಸದ ಪ್ರಾಧ್ಯಾಪಕರಲ್ಲ, ಉದ್ಯಮಿ. ಕರ್ನಾಟಕ ಸಂಗೀತದ ಚರಿತ್ರೆಯನ್ನೂ ಊರಿನ ಚರಿತ್ರೆಯನ್ನೂ ಬರೆಯುತ್ತ, ವರ್ಷಗಳಿಂದ ಆಸಕ್ತರ ಗುಂಪುಗಳನ್ನು ಕಟ್ಟಿಕೊಂಡು ಚೆನ್ನೈಯ ಬೀದಿಗಳಲ್ಲಿ ನಡೆಯುತ್ತ ಬಂದಿದ್ದಾರೆ. ಅವರಿಗೆ ಮೊದಲು ಈ ದಾರಿಯನ್ನು ಹಸನು ಮಾಡಿದವರು ಎಸ್. ಮುತ್ತಯ್ಯ. ಸಿಲೋನಿನ ಪತ್ರಿಕೋದ್ಯಮದಿಂದ ಮದರಾಸಿಗೆ ಬಂದ ಮುತ್ತಯ್ಯನವರು 1981ರಲ್ಲಿ ಈ ನಗರದ ಬಗೆಗೆ ಪುಸ್ತಕ ಬರೆದು, 1991ರಲ್ಲಿ ‘ಮದ್ರಾಸ್ ಮ್ಯೂಸಿಂಗ್ಸ್’ ಪತ್ರಿಕೆಯನ್ನು ಆರಂಭಿಸಿದರು. 2019ರಲ್ಲಿ ಅವರು ತೀರಿಕೊಂಡ ಮೇಲೆ ಅದರ ಸಂಪಾದಕತ್ವ ಶ್ರೀರಾಮರ ಹೆಗಲಿಗೆ ಬಂತು.

ಗಡಿಕಂಬದಿಂದ ರಸ್ತೆ ದಾಟಿದರೆ ಹೈಕೋರ್ಟು. ನ್ಯಾಯಾಲಯ 1862ರದು, ಕೆಂಪು ಇಟ್ಟಿಗೆಯ ಈ ಗುಮ್ಮಟಗಳ ಕಟ್ಟಡ 1892ರದು. ಇದರ ಎತ್ತರದ ಗೋಪುರ 1894ರಿಂದ 1977ರವರೆಗೆ ಹಡಗುಗಳಿಗೆ ದಾರಿ ತೋರಿಸುವ ದೀಪಸ್ತಂಭವಾಗಿತ್ತು. ಅದಕ್ಕೂ ಹಿಂದಿನ, 1844ರ ದೀಪಸ್ತಂಭವೂ ಆವರಣದಲ್ಲೇ ಇದೆ. ನ್ಯಾಯದ ಮನೆಯ ನೆತ್ತಿಯ ಮೇಲೆ ದೀಪವಿತ್ತೆಂದರೆ ವಕೀಲರಿಗೆ ಹೆಮ್ಮೆಯೆನಿಸಬಹುದು. ಆದರೆ ಆ ಬೆಳಕು ಸಮುದ್ರದ ಕಡೆಗಷ್ಟೇ ಬೀಳುತ್ತಿತ್ತೆಂದು ಕಕ್ಷಿದಾರರು ನಕ್ಕರೂ ತಪ್ಪಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ‘ಎಮ್ಡೆನ್’ ಯುದ್ಧನೌಕೆ ನಗರದ ಮೇಲೆ ಗುಂಡು ಹಾರಿಸಿತು. ಆ ಘಟನೆಯ ನೆನಪಿನ ಫಲಕ ಹೈಕೋರ್ಟಿನ ಗೋಡೆಯಲ್ಲಿದೆ. ಎದೆಗಾರ ಕಿಲಾಡಿಯನ್ನು ತಮಿಳರು ಇಂದಿಗೂ ‘ಎಮ್ಡನ್’ ಎನ್ನುವುದುಂಟು.

ಹೈಕೋರ್ಟಿನ ಈ ನೆಲದಲ್ಲೇ ಮೊದಲು ಚೆನ್ನಕೇಶವನ ಗುಡಿಯಿತ್ತು. ಬಯಲಿನ ಲೆಕ್ಕಾಚಾರಕ್ಕೆ ಅದೂ ಬಲಿಯಾಯಿತು. ಬಳಿಕ ಹೂವಿನ ಪೇಟೆಯಲ್ಲಿ ಚೆನ್ನಕೇಶವ, ಚೆನ್ನಮಲ್ಲೇಶ್ವರರ ಜೋಡಿ ಗುಡಿಗಳು ಎದ್ದವು. ದೇವರಿಗೆ ಬದಲಿ ನಿವೇಶನ ಕೊಡಿಸಿದ ಈ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಓದಿದ್ದರೆ ಚೆನ್ನಾಗಿತ್ತು.

ನಮ್ಮವರಿಗೆ ಈ ಕಟ್ಟಡ ಪರಸ್ಥಳವಲ್ಲ. ಕಾಸರಗೋಡು, ಆದೋನಿ, ರಾಯದುರ್ಗ, ಮಡಕಶಿರಾ, ಹೊಸೂರು, ನೀಲಗಿರಿ ಎಲ್ಲವೂ ಮದರಾಸು ಪ್ರಾಂತದೊಳಗಿದ್ದವು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡಿನ ಜಮೀನು ಮೊಕದ್ದಮೆಗಳು 1956ರ ವರೆಗೆ ಮೇಲ್ಮನವಿಗಾಗಿ ಏರಬೇಕಾದ ಮೆಟ್ಟಿಲು ಇದುವೇ. ರಾಜ್ಯಗಳ ಗೆರೆ ಬದಲಾದುವು. ಅಜ್ಜಂದಿರ ಹೆಸರು ಹೊತ್ತ ತೀರ್ಪುಗಳು ಕಾನೂನು ವರದಿಗಳ ಹಳೆಯ ಸಂಪುಟಗಳಲ್ಲಿ ಹಾಗೆಯೇ ಇವೆ.

ಶ್ರೀರಾಮರ ಬರವಣಿಗೆಯಲ್ಲಿ ಕನ್ನಡದ ಎಳೆ ಇನ್ನೊಂದಿದೆ. ಅವರ 2007ರ ಪುಸ್ತಕದ ನಾಯಕಿ ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿಯ ಮಗಳಾಗಿ ಹುಟ್ಟಿ, ಮದರಾಸಿನಲ್ಲಿ ಹೆಸರು ಗಳಿಸಿದಾಕೆ. ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು 1910ರಲ್ಲಿ ಅಚ್ಚಿಗೆ ಸಿದ್ಧಪಡಿಸಿದರು. ಅಶ್ಲೀಲವೆಂದು ಸರಕಾರ ಅದನ್ನು ನಿಷೇಧಿಸಿತು. ಸ್ವಾತಂತ್ರ್ಯದ ಹೊತ್ತಿಗೆ, ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ, ನಿಷೇಧ ತೆರವಾಯಿತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ ಆಕೆಯೇ. ಹೆಂಗಸರನ್ನು ಹಾಡಗೊಡದ ಆರಾಧನೆಯ ಸ್ಥಳಕ್ಕೆ ತನ್ನ ಸಂಪಾದನೆಯನ್ನು ಸುರಿದ ಈ ಹೆಣ್ಣಿನ ಹೆಸರು ನಮ್ಮ ಶಾಲೆಗಳ ಮಕ್ಕಳಿಗೆ ತಿಳಿದಿದ್ದರೆ ಸಾಲದು, ಕಥೆಯೂ ತಿಳಿದಿರಬೇಕು.

ಇಷ್ಟೆಲ್ಲ ನಡೆದು ಕೇಳಿ ಫಲವೇನು? ಮೌಂಟ್ ರೋಡಿನ ಭಾರತ್ ಇನ್ಶೂರೆನ್ಸ್ ಕಟ್ಟಡ ಇದಕ್ಕೆ ಉತ್ತರ. ಔಷಧಿ ವ್ಯಾಪಾರಿ ಸ್ಮಿತ್ 1897ರಲ್ಲಿ ಕಟ್ಟಿಸಿದ ಈ ಮಳಿಗೆ ಮುಂದೆ ಜೀವ ವಿಮಾ ನಿಗಮದ ಪಾಲಾಯಿತು. 2006ರಲ್ಲಿ ಅದನ್ನು ಕೆಡವಲು ತೊಡಗಿದಾಗ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟಾಕ್ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ಹೈಕೋರ್ಟು ಕೆಡವುವುದನ್ನು ತಡೆದುದಲ್ಲದೆ, ನಗರದ ನಾನೂರಕ್ಕೂ ಮಿಕ್ಕ ಪಾರಂಪರಿಕ ತಾಣಗಳ ಪಟ್ಟಿಗೆ ರಕ್ಷಣೆಯ ಮಾತನ್ನೂ ಆಡಿತು. ಆದರೆ ತೀರ್ಪು ಗೋಡೆಗೆ ಸುಣ್ಣ ಬಳಿಯುವುದಿಲ್ಲ; ಅದಾದ ಮೇಲೂ ಕಟ್ಟಡ ವರ್ಷಗಟ್ಟಲೆ ಪಾಳುಬಿದ್ದೇ ಇತ್ತು. ತಮಿಳುನಾಡು 2012ರಲ್ಲಿ ಅಂಗೀಕರಿಸಿದ ಪರಂಪರಾ ಆಯೋಗದ ಕಾಯಿದೆ ಜಾರಿಗೆ ಬರಲು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ವರ್ಷ ಈ ಕಟ್ಟಡಗಳಿಗಿದ್ದ ನಿಜವಾದ ಕಾವಲೆಂದರೆ, ಒಂದು ಗೋಡೆ ಬಿದ್ದರೆ ಅದು ಯಾವ ಗೋಡೆಯೆಂದು ಬಲ್ಲ ಜನ. ಅಂಥವರಲ್ಲಿ ಬಹಳ ಮಂದಿ ಅದನ್ನು ತಿಳಿದುದು ಇಂಥ ಬೆಳಗಿನ ನಡಿಗೆಗಳಲ್ಲಿ.

ಆಗಸ್ಟ್ 22 ಮದರಾಸು ದಿನ. 1639ರಲ್ಲಿ ಕಂಪೆನಿಗೆ ಇಲ್ಲಿಯ ನೆಲ ದೊರೆತ ನೆನಪಿಗಾಗಿ 2004ರಿಂದ ಇದನ್ನು ಆಚರಿಸಲಾಗುತ್ತಿದೆ. ಆ ದಿನಗಳಲ್ಲಿ ನಗರದಲ್ಲಿ ಹಲವು ನಡಿಗೆಗಳು ಏರ್ಪಡುತ್ತವೆ. ಚೆನ್ನೈಗೆ ಹೋಗುವ ಕುಟುಂಬಗಳು ಮಕ್ಕಳಿಗೆ ಮರೀನಾ ತೋರಿಸಿದ ಮೇಲೆ ಒಂದು ಬೆಳಗನ್ನು ಪ್ಯಾರಿ ಮೂಲೆಗೆ ಮೀಸಲಿಡಬಹುದು. ಬಿಸಿಲೇರುವ ಮುನ್ನ ಹೋಗುವುದು ಲೇಸು.