ಪದಚ್ಛೇದ ಮತ್ತು ಗಣಕಯಂತ್ರ

ಹಳಗನ್ನಡ ಪದ್ಯವನ್ನು ಬೋಧಿಸುವ ಅಧ್ಯಾಪಕರು ಮೊದಲು ಮಾಡುವ ಕಾರ್ಯ ಪದಚ್ಛೇದ. ಎಲ್ಲಿ ಬಿಡಿಸಬೇಕು, ಎಲ್ಲಿ ಬಿಡಿಸಬಾರದು ಎಂಬುದನ್ನು ಅರಿಯದೆ ಪದ್ಯದ ಅರ್ಥ ದಕ್ಕುವುದಿಲ್ಲ. ಈ ವಿವೇಕವನ್ನು ಗಣಕಯಂತ್ರಕ್ಕೂ ಕಲಿಸಬೇಕಾಗುತ್ತದೆಂಬುದು, ಅಂತರ್ಜಾಲದ ಪುಟಗಳನ್ನು ರಚಿಸುವ ವೃತ್ತಿಯಲ್ಲಿ ಬಹುಕಾಲ ಕಳೆದ ನನ್ನ ಅನುಭವ.

ಯಂತ್ರದ ಪಾಲಿಗೆ ಬರಹವೆಂದರೆ ಒಂದರ ಹಿಂದೊಂದು ಪೋಣಿಸಿದ ಸಂಕೇತಗಳ ಸಾಲು. ಇದಕ್ಕೆ ಸ್ಟ್ರಿಂಗ್ ಎಂದು ಹೆಸರು. ಅದನ್ನು ತುಂಡರಿಸುವ ಆಜ್ಞೆಗೆ ಸ್ಪ್ಲಿಟ್ ಎನ್ನುತ್ತಾರೆ. ಅಲ್ಪವಿರಾಮ ಬಂದಲ್ಲಿ ಕತ್ತರಿಸೆಂದರೆ ಯಂತ್ರ ತಪ್ಪದೆ ಕತ್ತರಿಸುತ್ತದೆ. ಆದರೆ ಮನುಷ್ಯರು ಬರೆದ ಯಾದಿಗಳಲ್ಲಿ ಒಂದೆಡೆ ಅಲ್ಪವಿರಾಮವಿದ್ದರೆ ಇನ್ನೊಂದೆಡೆ ಅರ್ಧವಿರಾಮವಿರುತ್ತದೆ. ನಡುವಿನ ತೆರಪೂ ಒಂದೇ ಸಮನಾಗಿರುವುದಿಲ್ಲ. ಇಂತಹ ವೈವಿಧ್ಯವನ್ನು ಒಂದೇ ಸೂತ್ರದಲ್ಲಿ ಹಿಡಿಯುವ ಸಾಧನವೇ ರೆಗ್ಯುಲರ್ ಎಕ್ಸ್‌ಪ್ರೆಶನ್. ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿಯವರು 1956ರಲ್ಲಿ ಪ್ರಕಟಿಸಿದ ಗಣಿತವಿಚಾರದಲ್ಲಿ ಇದರ ಮೂಲವಿದೆ. 1968ರಲ್ಲಿ ಕೆನ್ ಥಾಂಪ್ಸನ್ನರು ಇದನ್ನು ಬರಹದ ಶೋಧನೆಗೆ ಬಳಸುವ ಕ್ರಮವನ್ನು ಪ್ರಕಟಿಸಿದರು. 'ಅಲ್ಪವಿರಾಮ ಅಥವಾ ಅರ್ಧವಿರಾಮ, ಅದರ ಹಿಂದೆ ಮುಂದೆ ಎಷ್ಟಾದರೂ ತೆರಪು' ಎಂಬ ಮಾತು ಈ ಸೂತ್ರಭಾಷೆಯಲ್ಲಿ ಹತ್ತೇ ಚಿಹ್ನೆಗಳಲ್ಲಿ ಅಡಕವಾಗುತ್ತದೆ.

ಕೆಲವು ವರ್ಷಗಳ ಕೆಳಗೆ, ಒಂದು ವಿದ್ಯಾಸಂಸ್ಥೆಯ ಹಳೆಯ ವಿದ್ಯಾರ್ಥಿಗಳ ಯಾದಿಯನ್ನು ಅಂತರ್ಜಾಲಕ್ಕೆ ಏರಿಸುವ ಕಾರ್ಯ ನನ್ನ ಪಾಲಿಗೆ ಬಂದಿತು. ಹೆಸರಿನ ಯಾವ ಭಾಗವನ್ನು ಹುಡುಕಿದರೂ ವ್ಯಕ್ತಿ ಸಿಗುವಂತೆ ಹೆಸರುಗಳನ್ನು ಪದಪದವಾಗಿ ಬಿಡಿಸಬೇಕಿತ್ತು. ಮೊದಲಿನ ಗುತ್ತಿಗೆದಾರರ ಪ್ರೋಗ್ರಾಮು ಇಂಗ್ಲಿಷ್ ಲಿಪಿಯ ಹೆಸರುಗಳನ್ನು ಸೊಗಸಾಗಿ ಬಿಡಿಸುತ್ತಿತ್ತು. ಕನ್ನಡದ ಹೆಸರುಗಳಿದ್ದಲ್ಲಿ ಮಾತ್ರ ಬರಿಯ ಶೂನ್ಯ. 'ಪದದ ಅಕ್ಷರವಲ್ಲದ್ದು ಬಂದಲ್ಲಿ ಕತ್ತರಿಸು' ಎಂಬುದು ಅಲ್ಲಿದ್ದ ಸೂತ್ರ. ಜಾವಾಸ್ಕ್ರಿಪ್ಟ್ ಭಾಷೆಯ ಆ ಹಳೆಯ ಸಂಕೇತದ ಲೆಕ್ಕದಲ್ಲಿ ಪದದ ಅಕ್ಷರಗಳೆಂದರೆ ಇಂಗ್ಲಿಷಿನ ದೊಡ್ಡ ಸಣ್ಣ ಅಕ್ಷರಗಳು, ಹತ್ತು ಅಂಕಿಗಳು, ಒಂದು ಅಡಿಗೆರೆ: ಒಟ್ಟು 63 ಮಾತ್ರ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಈ ಸಂಕೇತಕ್ಕೆ ನಮ್ಮ ಸಮಸ್ತ ವರ್ಣಮಾಲೆಯೂ ಕತ್ತರಿಸಿ ಎಸೆಯತಕ್ಕ ವಸ್ತುವಾಗಿತ್ತು.

ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳನ್ನೂ ಅಕ್ಷರವೆಂದೇ ಗುರುತಿಸುವ ಸೌಲಭ್ಯ ಜಾವಾಸ್ಕ್ರಿಪ್ಟಿನ ಸೂತ್ರಗಳಿಗೆ 2018ರ ಮಾನಕದಲ್ಲಿ ದೊರೆಯಿತು. ಅದೊಂದರಿಂದಲೇ ನಮ್ಮ ಕಾರ್ಯ ಸಾಧಿಸುವುದಿಲ್ಲ. ಯೂನಿಕೋಡಿನ ವರ್ಗೀಕರಣದಲ್ಲಿ ವ್ಯಂಜನ ಅಕ್ಷರವೆನಿಸಿದರೆ, ಅದಕ್ಕೆ ಹತ್ತುವ ಕಾಗುಣಿತದ ಚಿಹ್ನೆ 'ಗುರುತು' ಎಂಬ ಬೇರೆ ವರ್ಗಕ್ಕೆ ಸೇರುತ್ತದೆ. 'ಅಕ್ಷರವಲ್ಲದ್ದನ್ನು ಕತ್ತರಿಸು' ಎಂದಷ್ಟೇ ಹೇಳಿದರೆ 'ಶಾಲೆ' ಎಂಬ ಪದ ತನ್ನ ದೀರ್ಘವನ್ನೂ ಎತ್ವವನ್ನೂ ಕಳೆದುಕೊಂಡು 'ಶ' ಮತ್ತು 'ಲ' ಎಂಬ ಎರಡು ಚೂರಾಗುತ್ತದೆ. ಆದ್ದರಿಂದ ಗುರುತುಗಳನ್ನೂ ಪದದ ಅಂಗವೆಂದು ಸೂತ್ರದಲ್ಲಿ ಸೇರಿಸಬೇಕು. ಅಷ್ಟಾದರೂ 'ರಾಜ್‌ಕುಮಾರ್' ಎಂಬ ಹೆಸರು ಎರಡಾಗುತ್ತದೆ. 'ಜ್' ಮತ್ತು 'ಕು' ಒತ್ತಕ್ಷರವಾಗಿ ಬೆಸೆಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಅಕ್ಷರವೂ ಅಲ್ಲ, ಗುರುತೂ ಅಲ್ಲ. ಅದಕ್ಕೂ ಸೂತ್ರದಲ್ಲಿ ಸ್ಥಳ ಕೊಟ್ಟ ಮೇಲೆಯೇ ಯಾದಿಯ ಹೆಸರುಗಳು ಅಖಂಡವಾಗಿ ಉಳಿದವು. ಬಳಿಕ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಪ್ರತಿಯೊಂದು ಪುಟವನ್ನೂ ಮೂಲ ದಾಖಲೆಯೊಡನೆ ತಾಳೆ ನೋಡಿದರು.

ಇದು ಬರಿಯ ಯಂತ್ರಕುಶಲತೆಯ ವಿಷಯವಲ್ಲ. ದಾಖಲೆಯಲ್ಲಿದ್ದೂ ಹುಡುಕಿದಾಗ ಸಿಗದ ಹೆಸರು, ಮುಂದಿನ ಪೀಳಿಗೆಯ ಪಾಲಿಗೆ ಇಲ್ಲದ ಹೆಸರೇ ಸರಿ. ಅನ್ಯಲಿಪಿಗೆ ಅಳತೆಮಾಡಿದ ಸೂತ್ರವನ್ನು ನಮ್ಮ ನುಡಿಗೆ ಹಾಗೆಯೇ ತೊಡಿಸಿದರೆ ಹರಿಯುವುದು ನಮ್ಮ ನುಡಿಯೇ. ಕತ್ತರಿಸುವ ಸೂತ್ರ ಬರೆಯುವವನು, ಯಾವುದು ಯಾವುದರೊಡನೆ ಕೂಡಿರಬೇಕೆಂಬುದನ್ನು ಮೊದಲು ಬಲ್ಲವನಾಗಿರಬೇಕು. ಆ ತಿಳಿವು ಗಣಕಶಾಸ್ತ್ರದ ಗ್ರಂಥಗಳಿಗಿಂತ ಮೊದಲು ಕನ್ನಡ ವ್ಯಾಕರಣದ ತರಗತಿಯಲ್ಲಿ ದೊರೆಯುತ್ತದೆ. ಕಾಗುಣಿತವನ್ನೂ ಸಂಧಿಯನ್ನೂ ತಾಳ್ಮೆಯಿಂದ ಕಲಿಸುತ್ತಿರುವ ಗುರುವರ್ಯರು, ತಾವು ನಾಳಿನ ಯಂತ್ರಗಳಿಗೂ ಪಾಠ ಹೇಳುತ್ತಿರುವೆವೆಂದು ಭಾವಿಸಿದರೆ ಅದು ಅತಿಶಯೋಕ್ತಿಯಾಗಲಾರದು.