ಸಡಿಲಿದ ಸಾರಥ್ಯ

ಕಾಲೇಜು ಬಿಟ್ಟ ದಿನ ಕೈಯಿಂದ ಸೀಮೆಸುಣ್ಣ ಹೋದರೂ ಕಾರಿನ ಸ್ಟೀರಿಂಗು ಉಳಿಯಿತಲ್ಲ ಎಂದು ಸಮಾಧಾನಪಟ್ಟಿದ್ದೆ. ಈಗ ಅದೂ ಸಡಿಲುತ್ತಿದೆ. 55 ದಾಟಿದವನಿಗೆ ಪರವಾನಗಿ 5 ವರ್ಷಕ್ಕೆ ಮಾತ್ರ. ಜೊತೆಗೆ ವೈದ್ಯರ ಪತ್ರ ಬೇರೆ. ಆ ಪರೀಕ್ಷೆಯಲ್ಲೇನೋ ತೇರ್ಗಡೆಯಾದೆ (ವಿದ್ಯಾರ್ಥಿ ಮಿತ್ರರು ನಗಬಾರದು). ಆದರೆ ರಾತ್ರಿ ಎದುರಿನ ದೀಪ ಕಣ್ಣಿಗೆ ಹೊಡೆದರೆ ಕ್ಷಣಕಾಲ ರಸ್ತೆಯೇ ಕಾಣದು.

ನಮ್ಮ ಮೈಸೂರಿನಿಂದ ಬೆಂಗಳೂರಿಗೆ 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಆಗಸ್ಟಿನಿಂದ ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲದಾಯಿತು. ನನಗೇನೂ ಅಡ್ಡಿಯಿಲ್ಲ. ಆದರೂ ಪಕ್ಕದಲ್ಲಿ ಕಾರುಗಳು ಬಾಣದಂತೆ ಹಾದಾಗ, ನಾನೂ ಆ ಟ್ರ್ಯಾಕ್ಟರಿನ ಕುಲದವನೇ ಎನಿಸುತ್ತದೆ.

ಹೀಗಾಗಿ ಬೆಳಗಿನ ತರಕಾರಿಗೆ ಕಾರು, ಬೆಂಗಳೂರಿನ ಮಗಳ ಮನೆಗೆ ಬಸ್ಸು. 30 ವರ್ಷ ನನ್ನ ಪಕ್ಕದಲ್ಲಿ ಕುಳಿತು “ನಿಧಾನ ರೀ” ಎನ್ನುತ್ತಿದ್ದ ನನ್ನಾಕೆ, ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವ ಮೊದಲೇ ನಿದ್ದೆ ಹೋಗುತ್ತಾಳೆ. ಇದು ನನಗೆ ಅಷ್ಟಾಗಿ ಹಿಡಿಸಿದ ಸಂಗತಿಯಲ್ಲ.

ಕಾರು ಮಾರಿಬಿಡಿ ಎನ್ನುವವರಿದ್ದಾರೆ. ನಡುರಾತ್ರಿ ಅವಳಿಗೆ ಎದೆನೋವು ಬಂದರೆ? ಈ ಮಾತನ್ನು ಅವರೆದುರು ಆಡುವುದಿಲ್ಲ. ವಾರಕ್ಕೊಮ್ಮೆ ಚಕ್ರಗಳ ಗಾಳಿ ನೋಡಿಸುತ್ತೇನೆ. ಕೀಲಿಕೈ ರಾತ್ರಿ ದಿಂಬಿನ ಪಕ್ಕದಲ್ಲೇ ಇರುತ್ತದೆ.